ಮುಂದಿನವಳ ಸಿಂಬಿ

ಬಿಜಾಪುರದ ನಮ್ಮ ಜೋರಾಪುರ ಪೇಟೆಯಲ್ಲಿ ಓಟು ಹಾಕುವುದೆಂದರೆ ಕೊತ್ತಂಬರಿ ತಂದಷ್ಟೇ ಕೆಲಸ. ಓಣಿಯ ತುದಿಯಲ್ಲೇ ಸಾಲೆ. ಸಣ್ಣ ಉರಿಯ ಮೇಲೆ ಬೇಳೆ ಇಟ್ಟು ಹೋಗಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರೂ ಬೇಳೆ ಇನ್ನೂ ಬೆಂದಿರುವುದಿಲ್ಲ. ಅಲ್ಲಿ ಶಾಮಿಯಾನದ ನೆರಳುಂಟು, ಕ್ಯಾನಿನ ತಣ್ಣೀರುಂಟು, ವಯಸ್ಸಾದವರಿಗೆ ಕುರ್ಚಿಯುಂಟು. ಇಷ್ಟಿದ್ದೂ ನಮ್ಮ ಓಣಿಯ ಎಷ್ಟೋ ಜನ ಮಧ್ಯಾಹ್ನ ಉಂಡು ಮಲಗಿ, ಸಂಜೆ ಎದ್ದು, ಪಾಳಿ ಬಹಳ ಇತ್ತಂತೆ, ಅದಕ್ಕೇ ಹೋಗಲಿಲ್ಲ ಎನ್ನುತ್ತಾರೆ. ನಾನು ಕಂಡ ಪಾಳಿಯಲ್ಲಿ ಏಳೆಂಟು ಮಂದಿ ಇದ್ದರೆ ಹೆಚ್ಚು.

ನಮ್ಮ ಅತ್ತೆಯ ಓಟು ಇಲ್ಲಿಲ್ಲ. ಬಬಲೇಶ್ವರ ದಾಟಿ ಮಮದಾಪುರದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ಹೊಲಗಳ ನಡುವಿನ ವಸ್ತಿಯಲ್ಲಿ ನನ್ನ ಮೈದುನನ ಮನೆ. ಅತ್ತೆಯ ಓಟು ಆ ಕಡೆ. ಮೊಣಕಾಲು ಹಿಡಿದ ಮೇಲೆ, ದವಾಖಾನೆ ಹತ್ತಿರ ಎಂದು, ಅವರು ವರ್ಷದ ಅರ್ಧ ನಮ್ಮಲ್ಲೇ ಇರುತ್ತಾರೆ. ಹೆಸರನ್ನೂ ಇಲ್ಲಿಗೇ ಬರೆಸಿಬಿಡೋಣ ಎಂದು ನಾನು ಎಷ್ಟು ಸಲ ಹೇಳಿದೆನೋ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು. ನಾನೂ ಕಡಿಮೆಯವಳಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮ ಮನೆಯಲ್ಲಿ ಸೊಸೆಯ ಕಾಲ ಇನ್ನೂ ಬಂದಿಲ್ಲ.

ಮೊದಲು ವಸ್ತಿಯ ಸಣ್ಣ ಸಾಲೆಯಲ್ಲೇ ಮತಗಟ್ಟೆ ಇರುತ್ತಿತ್ತು. ಅದರ ಚಾವಣಿ ಬಿರುಕು ಬಿಟ್ಟಿತೆಂದು ಮತಗಟ್ಟೆಯನ್ನು ಊರೊಳಗಿನ ಸಾಲೆಗೆ ಸೇರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಚಾವಣಿ ಕೆಟ್ಟದ್ದಕ್ಕೆ ವಸ್ತಿಯವರು ಹಳ್ಳ ದಾಟಿ, ಬೇಸಿಗೆಯ ಬಿಸಿಲಲ್ಲಿ ಒಂದು ತಾಸು ನಡೆಯಬೇಕು. ಊರಿನವರು, ಸುತ್ತಲಿನ ವಸ್ತಿಗಳವರು, ಎಲ್ಲರಿಗೂ ಸೇರಿ ಒಂದೇ ಕೋಣೆ, ಒಂದೇ ಯಂತ್ರ. ಮೋಟರ್ ಸೈಕಲ್ ಇದ್ದವರು ಬೆಳಿಗ್ಗೆಯೇ ಹಾಕಿ ಬರುತ್ತಾರೆ. ಇಲ್ಲದವರು, ಅದರಲ್ಲೂ ದನಕರು ನೋಡಿಕೊಳ್ಳುವ ಹೆಂಗಸರು, ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿರುತ್ತಾನೆ.

ಈ ಸಲದ ಚುನಾವಣೆಯ ಹೊತ್ತಿಗೆ ಅತ್ತೆ ವಸ್ತಿಯಲ್ಲಿದ್ದರು. ಮೈದುನನ ಮೋಟರ್ ಸೈಕಲ್ ಎತ್ತರ, ಕಾಲೆತ್ತಿ ಹಾಕಲು ಅವರ ಮೊಣಕಾಲು ಒಪ್ಪುವುದಿಲ್ಲ. ನನ್ನ ಸ್ಕೂಟಿ ತಗ್ಗು. ಹೀಗಾಗಿ ಅತ್ತೆಯ ಓಟಿಗೆ ಸಾರಥಿ ನಾನೇ. ಬೆಳಿಗ್ಗೆ ನನ್ನ ಓಟು ಹಾಕಿ, ಮನೆಯವರಿಗೆ ಅಡುಗೆ ಮುಚ್ಚಿಟ್ಟು, ಗೊಣಗುತ್ತಲೇ ಹೊರಟೆ.

ವಸ್ತಿಯಲ್ಲಿ ಅತ್ತೆಯ ಬಗಲಮನೆಗೆ ಸೊಸೆಯಾಗಿ ಬಂದ ಒಬ್ಬ ಹುಡುಗಿ ಇದ್ದಾಳೆ. ಗಂಡ ಕುರಿ ಹಿಂಡಿನ ಜೊತೆ ಹೊಳೆಯ ಕಡೆಗೆ ಹೋಗಿದ್ದ, ಅವನ ಓಟು ಅಲ್ಲಿಗೇ ಮುಗಿಯಿತು. ಮನೆಯಲ್ಲಿ ಅವಳೊಬ್ಬಳೇ, ಜೊತೆಗೆ ದಿನ ತುಂಬಿದ ಒಂದು ಎಮ್ಮೆ. ಈ ಊರಿಗೆ ಬಂದ ಮೇಲೆ ಅವಳು ಒಂದು ಸಲವೂ ಓಟು ಹಾಕಿರಲಿಲ್ಲ. ಕಳೆದ ಸಲ ನಡೆದುಕೊಂಡು ಹೋಗಿ, ಪಾಳಿ ನೋಡಿ, ಮನೆಯಲ್ಲಿ ದನ ಒದರುತ್ತವೆಂದು ಹಾಗೇ ಹಿಂದಿರುಗಿದ್ದಳಂತೆ. ಈ ಸಲ ಏನಾದರೂ ಆಗಲಿ, ಹಾಕಿಯೇ ಬರುತ್ತೇನೆ ಎಂದು ಅತ್ತೆಯ ಮುಂದೆ ಹೇಳಿ, ನಾನು ವಸ್ತಿ ಮುಟ್ಟುವ ಮೊದಲೇ ತಲೆಯ ಮೇಲೆ ಕುಡಿಯುವ ನೀರಿನ ಕೊಡ ಹೊತ್ತು ನಡೆದು ಹೋಗಿದ್ದಳು. ಆ ಸಾಲೆಯಲ್ಲಿ ನೀರಿಲ್ಲವೆಂದು ವಸ್ತಿಯ ಹೆಂಗಸರು ನೀರು ಹೊತ್ತುಕೊಂಡೇ ಓಟಿಗೆ ಹೋಗುತ್ತಾರೆ.

ಸಾಲೆಯ ಅಂಗಳಕ್ಕೆ ಕಾಲಿಟ್ಟಾಗ ಕಂಡದ್ದು ಗಂಡಸರ ಉದ್ದನೆಯ ಪಾಳಿ. ಹೆಂಗಸರ ಕಡೆ ಒಬ್ಬ ಹೆಂಗಸೂ ಇರಲಿಲ್ಲ. ಕೋಣೆಯ ಬಾಗಿಲಿನಿಂದ ಗೇಟಿನವರೆಗೆ ಸುಡುವ ನೆಲದ ಮೇಲೆ ಸಿಂಬಿಗಳು ಒಂದರ ಹಿಂದೊಂದು ಕೂತಿದ್ದವು. ಸಿಂಬಿ ಎಂದರೆ ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಒಬ್ಬೊಬ್ಬಳದು ಅವಳ ಹಳೇ ಸೀರೆಯದೇ ತುಂಡು, ಹಾಗಾಗಿ ಯಾರದು ಯಾವುದೆಂದು ಎಲ್ಲರಿಗೂ ಗೊತ್ತು. ಹೆಂಗಸರೆಲ್ಲ ಬೇವಿನ ಮರದ ಕೆಳಗೆ ಕೂತು ರೊಟ್ಟಿ ಬಿಚ್ಚಿದ್ದರು. ಕೋಣೆಯಿಂದ ಒಬ್ಬಳು ಹೊರಬಂದರೆ ಮರದ ಕೆಳಗಿನಿಂದ ಇನ್ನೊಬ್ಬಳು ಎದ್ದು ಹೋಗಿ, ತನ್ನ ಸಿಂಬಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗುತ್ತಿದ್ದಳು.

ನನಗೆ ನಗು ತಡೆಯಲಾಗಲಿಲ್ಲ. ಇದು ನೀರಿನ ಪಾಳಿಯ ಪದ್ಧತಿ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮದುವೆಯಾದ ಹೊಸದರಲ್ಲಿ ನಾನೂ ವಸ್ತಿಯ ನಳಕ್ಕೆ ಹೋದವಳೇ. ಸಿಂಬಿ ಇಟ್ಟು ಮನೆಗೆಲಸಕ್ಕೆ ಹೋಗಬೇಕು, ನೀರು ಬಂದಾಗ ಬರಬೇಕು. ಮುಂದಿನವಳು ಬರುವುದು ತಡವಾದರೆ ಹಿಂದಿನವಳು ಮೊದಲು ಅವಳ ಕೊಡ ತುಂಬಿ ಬದಿಗಿಟ್ಟು, ಆಮೇಲೆ ತನ್ನದು ತುಂಬಿಕೊಳ್ಳಬೇಕು. ಇನ್ನೊಬ್ಬಳ ಸಿಂಬಿ ದಾಟಿದವಳನ್ನು ನಾನಂತೂ ಕಂಡಿಲ್ಲ. ನಮ್ಮ ಪೇಟೆಯಲ್ಲಿ ಮನೆಮನೆಗೆ ನಳ ಬರುವ ಮೊದಲು ಬೀದಿ ನಳದ ಮುಂದೆ ನಡೆಯುತ್ತಿದ್ದ ಜಗಳ ನೆನೆದರೆ, ಅದನ್ನು ಪಾಳಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬಗಲಮನೆಯವಳ ಹಸಿರು ಸಿಂಬಿ ಕೊನೆಯಲ್ಲಿತ್ತು. ಅತ್ತೆ ತಮ್ಮ ಇಳಕಲ್ ಸೀರೆಯ ಸಿಂಬಿಯನ್ನು ಅದರ ಹಿಂದೆ ಇಟ್ಟರು. ಗೇಟಿನಲ್ಲಿದ್ದ ಪೊಲೀಸ್ ಹುಡುಗ ಮೈಸೂರು ಕಡೆಯವನಿರಬೇಕು, ಅಜ್ಜಿಗೆ ಪಾಳಿ ಬೇಡ, ವಯಸ್ಸಾದವರು ನೇರ ಒಳಗೆ ಹೋಗಬಹುದು ಎಂದ. ನನಗೆ ಜೀವ ಬಂತು. ಅತ್ತೆ ಕೈ ಆಡಿಸಿದರು. ಇಲ್ಲಿ ಕೂತವರಿಗೆಲ್ಲ ಮೊಣಕಾಲು ಐತಿ, ನಂದೊಂದೇ ಏನು ಬಂಗಾರದ್ದಲ್ಲ ಎಂದು ಹೇಳಿ ಮರದ ಕೆಳಗೆ ಹೋಗಿ ಕೂತರು. ಹದಿನೈದು ನಿಮಿಷದಲ್ಲಿ ಮುಗಿಯುವ ಕೆಲಸ ಸಂಜೆಗೆ ಹೋಯಿತು. ನಾನು ಮುಖ ಊದಿಸಿಕೊಂಡು ಅವರ ಪಕ್ಕ ಕೂತೆ.

ಮಧ್ಯಾಹ್ನ ಯಂತ್ರ ಕೈಕೊಟ್ಟಿತು. ಬೇರೆ ಯಂತ್ರ ಬರುವವರೆಗೆ ಎಲ್ಲ ನಿಂತಿತು. ಅದನ್ನು ತಂದ ಜೀಪು ಅಂಗಳದೊಳಗೆ ಬರಲೆಂದು ಆ ಪೊಲೀಸ್ ಹುಡುಗ, ಇವೇನೋ ಹಳೇ ಬಟ್ಟೆ ಎಂದುಕೊಂಡು, ಸಿಂಬಿಗಳನ್ನೆಲ್ಲ ಲಾಠಿಯಿಂದ ಒಂದು ಮೂಲೆಗೆ ದಬ್ಬಿಬಿಟ್ಟ. ಮುಗಿಯಿತು ಕಥೆ, ಇನ್ನು ಜುಟ್ಟು ಜುಟ್ಟು ಹಿಡಿಯುತ್ತಾರೆ ಎಂದು ನಾನು ಸೆರಗು ಕಟ್ಟಿ ಎದ್ದು ನಿಂತೆ. ಹೆಂಗಸರು ಗೊಣಗುತ್ತ ಹೋಗಿ ತಮ್ಮ ತಮ್ಮ ಸಿಂಬಿ ಹುಡುಕಿಕೊಂಡರು. ನನ್ನ ಮುಂದೆ ನೀ ಇದ್ದಿ, ನಿನ್ನ ಹಿಂದೆ ನಾ ಇದ್ನಿ ಎನ್ನುತ್ತ ಒಬ್ಬೊಬ್ಬರೇ ಇಟ್ಟುಕೊಂಡು ಬಂದರು. ಇಡೀ ಪಾಳಿ ಯಾರಿಗೂ ನೆನಪಿರಬೇಕಾಗಿರಲಿಲ್ಲ. ಪ್ರತಿಯೊಬ್ಬಳಿಗೂ ತನ್ನ ಮುಂದಿನವಳು, ಹಿಂದಿನವಳು ಗೊತ್ತಿದ್ದರೆ ಸಾಕಿತ್ತು. ನೋಡನೋಡುತ್ತ ಪಾಳಿ ಮೊದಲಿನಂತೆ ಆಯಿತು. ಆ ಹುಡುಗನೂ ನಾಚಿಕೊಂಡು ಉಳಿದ ಒಂದೆರಡನ್ನು ಕೈಯಿಂದಲೇ ಎತ್ತಿ ಕೊಟ್ಟ. ನನಗೆ ಆಗ ಎದೆ ತುಂಬಿ ಬಂತು, ಸುಳ್ಳೇಕೆ ಹೇಳಲಿ. ಮುಖ ಮಾತ್ರ ಊದಿಸಿಕೊಂಡೇ ಇದ್ದೆ.

ಬಿಸಿಲು ವಾಲಿದ ಮೇಲೆ ಬಗಲಮನೆಯವಳು ಕೂತಲ್ಲಿ ಕೂರಲಿಲ್ಲ. ಎಮ್ಮೆ ಬೆಳಿಗ್ಗೆಯಿಂದ ಮೇವು ಮುಟ್ಟಿರಲಿಲ್ಲವಂತೆ. ಒಮ್ಮೆ ನೋಡಿ ಬರುತ್ತೇನೆ, ನನ್ನ ಸಿಂಬಿ ಇಲ್ಲೇ ಇರಲಿ ಎಂದು ಅತ್ತೆಗೆ ಹೇಳಿ, ಬಬಲೇಶ್ವರದ ಕಡೆಗೆ ಹೊರಟಿದ್ದ ಯಾರದೋ ಟಂಟಂ ಆಟೋ ಹತ್ತಿ ಹೋದಳು. ಹೋದವಳು ಬರಲಿಲ್ಲ. ಮುಂದಿನ ಸಿಂಬಿಗಳು ಒಂದೊಂದಾಗಿ ಎದ್ದವು. ಕೊನೆಗೆ ಅಂಗಳದ ನಡುವೆ ಅವಳ ಹಸಿರು ಸಿಂಬಿಯೇ ಎಲ್ಲಕ್ಕಿಂತ ಮುಂದೆ ಉಳಿಯಿತು, ಅದರ ಹಿಂದೆ ಅತ್ತೆಯದು, ಅತ್ತೆಯದರ ಹಿಂದೆ ನಮ್ಮ ಆಮೇಲೆ ಬಂದ ಹೆಂಗಸರವು. ಆರು ಗಂಟೆಗೆ ಗೇಟು ಮುಚ್ಚುತ್ತಾರೆ, ಇನ್ನು ಅರ್ಧ ತಾಸೂ ಉಳಿದಿರಲಿಲ್ಲ. ನಾನು ಗೇಟಿನ ಹೊರಗೆ ಹೋಗಿ ಅವಳ ಫೋನಿಗೆ ಹಚ್ಚಿದೆ. ರಿಂಗ್ ಆಯಿತು, ಎತ್ತಲಿಲ್ಲ.

ಒಳಗಿನಿಂದ ಅಧಿಕಾರಿ ಕರೆದರು. ಅತ್ತೆ ಹೋಗಿ ತಮ್ಮ ಸಿಂಬಿ ಎತ್ತಿಕೊಂಡು ಆ ಹಸಿರು ಸಿಂಬಿಯ ಹಿಂದೆ ನಿಂತುಬಿಟ್ಟರು. ಮುಂದೆ ಹೆಜ್ಜೆ ಇಡಲಿಲ್ಲ. ಅಧಿಕಾರಿ ಬಾಗಿಲಿಗೆ ಬಂದು ಎರಡು ಸಲ ಹೇಳಿದರು. ನಾನು ಹತ್ತಿರ ಹೋಗಿ, ಅತ್ಯಾರ, ಬಳಸಿ ಹೋಗ್ರಿ, ಅವಳು ಬಂದಾಗ ಬರ್ತಾಳ ಎಂದು ಹಲ್ಲು ಕಚ್ಚಿ ಹೇಳಿದೆ.

"ನೀರಾಗಿದ್ರ ಆಕಿ ಕೊಡಾ ನಾನ ತುಂಬಿ ಇಡ್ತಿದ್ನಿ ಬೇ," ಎಂದರು ಅತ್ತೆ. "ಓಟ ತುಂಬಿ ಇಡಾಕ ಬರೂದಿಲ್ಲಲ್ಲ. ನೀ ಗಾಡಿ ತಗೊಂಡ ಹೋಗಿ ಆಕೀನ್ನ ಕರ್ಕೊಂಡ ಬಾ. ನಾ ನಿಂತಿರ್ತೇನಿ."

ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಸ್ಕೂಟಿಯ ಮೇಲೆ ತೀರಿಸಿಕೊಂಡು ಹೋದೆ. ಹಳ್ಳದ ಕಲ್ಲುದಾರಿಯಲ್ಲಿ ಎರಡು ಸಲ ಬೀಳುವುದು ತಪ್ಪಿತು. ವಸ್ತಿ ಮುಟ್ಟಿದರೆ ಆ ಹುಡುಗಿ ಕೊಟ್ಟಿಗೆಯಲ್ಲಿ ಮೊಣಕಾಲೂರಿ, ಆಗಷ್ಟೇ ಬಿದ್ದ ಕರುವಿನ ಮೈಯನ್ನು ಗೋಣಿಚೀಲದಿಂದ ಒರೆಸುತ್ತಿದ್ದಳು. ಮೊಣಕೈವರೆಗೆ ಲೋಳೆ, ಕಣ್ಣಲ್ಲಿ ನೀರು. ಹೆಣ್ಣು ಕರು ಅಕ್ಕಾರ, ಆದರೆ ನನ್ನ ಓಟು ಈ ಸಲವೂ ಹೋಯಿತು ಎಂದಳು. ಹೋಗಿಲ್ಲ, ನಿನ್ನ ಸಿಂಬಿಯ ಹಿಂದೆ ನಮ್ಮ ಅತ್ತೆ ಕಂಬದ ಹಾಗೆ ನಿಂತಾರ, ನಡಿ ಎಂದೆ. ಅಷ್ಟಾದರೂ ಅವಳು ಕರುವನ್ನು ಎತ್ತಿ ನಿಲ್ಲಿಸಿ, ಮೊಲೆಗೆ ಬಾಯಿ ಹಚ್ಚಿಸಿ, ಅದು ಎರಡು ಗುಟುಕು ಗಿಣ್ಣದ ಹಾಲು ಕುಡಿದ ಮೇಲೆಯೇ ಕೈ ತೊಳೆದದ್ದು. ನಾನು ಹೊಸ್ತಿಲಲ್ಲಿ ನಿಂತು ಗಡಿಯಾರ ನೋಡುವುದನ್ನು ಬಿಟ್ಟು ಬೇರೆ ಯಾವ ಉಪಯೋಗಕ್ಕೂ ಬರಲಿಲ್ಲ.

ದಾರಿಯುದ್ದಕ್ಕೂ ನನಗೆ ಒಂದೇ ಅನುಮಾನ. ಅತ್ತೆ ನಿಂತಾರು, ಸರಿ. ಅವರ ಹಿಂದಿನವರು ಯಾಕೆ ನಿಂತಾರು? ಅವರಿಗೂ ದನಗಳಿವೆ, ಒಲೆಗಳಿವೆ, ಒಂದು ತಾಸಿನ ದಾರಿಯಿದೆ.

ಗೇಟಿನ ಒಂದು ಬಾಗಿಲು ಆಗಲೇ ಮುಚ್ಚಿತ್ತು. ಇನ್ನೊಂದನ್ನು ಹಿಡಿದು ನಿಂತಿದ್ದ ಪೊಲೀಸ್ ಹುಡುಗ ಗಡಿಯಾರ ನೋಡಿ, ಇನ್ನೂ ಹೊತ್ತಿದೆ, ಬನ್ನಿ ಬನ್ನಿ ಎಂದ. ಒಳಗೆ ಗಂಡಸರನ್ನಷ್ಟೇ ಕರೆದು ಕೆಲಸ ನಡೆಸಿದ್ದರು. ಹೆಂಗಸರ ಕಡೆ ಹಸಿರು ಸಿಂಬಿ ಇಟ್ಟಲ್ಲೇ ಇತ್ತು. ಅದರ ಹಿಂದೆ ಅತ್ತೆ, ಅತ್ತೆಯ ಹಿಂದೆ ಉಳಿದ ಹೆಂಗಸರು. ಈಗ ಯಾರೂ ಮರದ ಕೆಳಗಿರಲಿಲ್ಲ, ಎಲ್ಲರೂ ಕೈಯಲ್ಲಿ ಸಿಂಬಿ ಹಿಡಿದು ನಿಂತಿದ್ದರು. ಅತ್ತೆಯ ಒಂದು ಕೈ ಹಿಂದಿನವಳ ಹೆಗಲ ಮೇಲಿತ್ತು, ನೋಯುವ ಕಾಲು ನೆಲಕ್ಕೆ ಪೂರ್ತಿ ಊರಿರಲಿಲ್ಲ. ಹತ್ತು ನಿಮಿಷ ನಿಂತರೆ ನಮ್ಮ ಮನೆಯಲ್ಲಿ ಕುರ್ಚಿ ಕೇಳುವ ಅತ್ತೆ ಅವರು.

ನೀವ್ಯಾಕೆ ಬಳಸಿ ಹೋಗಲಿಲ್ಲ ಎಂದು ಪಾಳಿಯ ಒಬ್ಬಳನ್ನು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವು ಬಿಜಾಪುರದವರೇನ್ರಿ ಎಂದಳು.

ಹುಡುಗಿ ಸಿಂಬಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಹೊರಬಂದಾಗ ಶಾಯಿ ಹಚ್ಚಿದ ಬೆರಳನ್ನು ಯಾರಿಗೂ ತೋರಿಸಲಿಲ್ಲ, ಉಳಿದ ಬೆರಳುಗಳಿಂದ ಮುಚ್ಚಿ ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ಅತ್ತೆ ಹೋದರು. ಅಷ್ಟರಲ್ಲಿ ಆರು ಹೊಡೆದು ಗೇಟು ಮುಚ್ಚಿತು. ಅಧಿಕಾರಿ ಹೊರಗೆ ಬಂದು, ನಿಯಮದ ಪ್ರಕಾರ, ಪಾಳಿಯಲ್ಲಿ ಉಳಿದವರಿಗೆಲ್ಲ ಕೊನೆಯವಳಿಂದ ಶುರು ಮಾಡಿ, ಆರರ ಮೇಲೂ ಓಟು ಹಾಕಲು ಒಂದೊಂದು ಚೀಟಿ ಕೊಟ್ಟರು. ಎಲ್ಲರ ಓಟೂ ಆಯಿತು.

ಹಿಂದಿರುಗುವಾಗ ಅತ್ತೆಯನ್ನು ಸ್ಕೂಟಿಯ ಮೇಲೆ ಕೂರಿಸುತ್ತ ನಾನು ಸ್ವಲ್ಪ ಚುಚ್ಚಿಯೇ ಮಾತಾಡಿದೆ. ನಿಮಗೇನು ಬಿಡಿ, ಆರು ಗಂಟೆಯ ಹೊತ್ತಿಗೆ ಪಾಳಿಯಲ್ಲಿದ್ದವರಿಗೆ ಚೀಟಿ ಕೊಡುತ್ತಾರೆಂದು ಗೊತ್ತಿತ್ತು, ಅದಕ್ಕೇ ಅಷ್ಟು ಧೈರ್ಯದಿಂದ ನಿಂತಿರಿ ಎಂದೆ.

ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು.

"ಹಂಗೂ ಕೊಡ್ತಾರೇನ ಬೇ?" ಎಂದರು. "ನನಗೇನ ಗೊತ್ತು. ಆರಕ್ಕ ಎಲ್ಲಾ ಬಂದ್ ಮಾಡ್ತಾರಂತ ತಿಳದಿದ್ನಿ. ಇವರೂ ಹಂಗ ತಿಳದಿದ್ರು."

ನಾನು ತಿರುಗಿ ಅಂಗಳದ ಕಡೆ ನೋಡಿದೆ. ಆ ಹೆಂಗಸರು ಖಾಲಿ ಕೊಡಗಳನ್ನು ಎತ್ತಿಕೊಂಡು, ಕತ್ತಲಾಗುವ ಮೊದಲು ಹಳ್ಳ ದಾಟಬೇಕೆಂದು ಹೊರಡುತ್ತಿದ್ದರು. ನನ್ನ ಓಟನ್ನು ಬೆಳಿಗ್ಗೆ ಬೇಳೆ ಬೇಯುವುದರೊಳಗೆ ಹಾಕಿ ಬಂದವಳು ನಾನು. ನನ್ನ ಮುಂದೆ ನಿಂತವರು ಯಾರು, ಹಿಂದೆ ಇದ್ದವರು ಯಾರು ಎಂದು ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ.

ಅತ್ತೆಯ ಹೆಸರನ್ನು ನಮ್ಮ ಪೇಟೆಗೆ ಬರೆಸುವ ಮಾತನ್ನು ಆಮೇಲೆ ನಾನು ಎತ್ತಿಲ್ಲ.