ಬಾವಿಯೊಳಗಿನ ಹೆಬ್ಬೆಟ್ಟು

ನನ್ನ ನಾದಿನಿ ಅಂಜನಮ್ಮ ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಕೆಲಸ ಮಾಡಿ ನಿವೃತ್ತಳಾಗಿದ್ದಾಳೆ. ಎಲ್ಲಿ ಕೊರೆದರೆ ನೀರು ಸಿಕ್ಕೀತು ಎಂದು ನೆಲ ನೋಡಿ ಹೇಳುವ ಕೆಲಸ. ಪಾವಗಡ, ಚಳ್ಳಕೆರೆ, ಮುಳಬಾಗಿಲು ಎಂದು ಜೀಪಿನಲ್ಲಿ ತಿರುಗಿದವಳು. ಅವಳ ಹೆಸರು ಪೇಪರಿನಲ್ಲಿ ಬಂದಿಲ್ಲ, ಯಾರೂ ಶಾಲು ಹೊದಿಸಿಲ್ಲ. ಆ ಓದಿಗೆ ಹೇಗೆ ಸೇರಿದೆ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾಳೆ. ಆವತ್ತು ಜೊತೆಯಲ್ಲಿದ್ದವಳು ನಾನು. ನೆನಪಿರುವಷ್ಟನ್ನು ನೆನಪಿರುವ ಹಾಗೆಯೇ ಬರೆಯುತ್ತೇನೆ.

ಅದು ಸಾವಿರದ ಒಂಬೈನೂರ ಎಂಬತ್ತೆರಡು, ಜುಲೈ ತಿಂಗಳು. ನಮ್ಮ ಮನೆ ಚಿಕ್ಕಲಸಂದ್ರದಲ್ಲಿ. ಆಗ ಅದು ಊರೇ ಹೊರತು ಬಡಾವಣೆಯಲ್ಲ. ಮನೆ ಹಿಂದೆಯೇ ರಾಗಿ ಹೊಲ, ಹೊಲದ ಬದುವಿನಲ್ಲಿ ಹೊಂಗೆಮರ. ಬೆಳಿಗ್ಗೆ ಎದ್ದರೆ ಅವರೆ ಹೂವಿನ ವಾಸನೆಯೋ ಸಗಣಿ ವಾಸನೆಯೋ ಮೂಗಿಗೆ ಬರುತ್ತಿತ್ತು. ಪೆಟ್ರೋಲ್ ವಾಸನೆ ಬರಬೇಕಾದರೆ ಬನಶಂಕರಿ ದೇವಸ್ಥಾನದವರೆಗೆ ನಡೆಯಬೇಕಿತ್ತು.

ನಮ್ಮ ಮಾವ ಉಗ್ರಪ್ಪನವರು ಬಾವಿ ತೋಡುವವರು. ಉತ್ತರಹಳ್ಳಿಯಿಂದ ಕೋಣನಕುಂಟೆವರೆಗೆ ಅವರು ಇಳಿಯದ ಬಾವಿ ಇರಲಿಲ್ಲ. ನಮ್ಮ ಅತ್ತೆ ಮಾರಮ್ಮ ಸೂಲಗಿತ್ತಿ. ಸುತ್ತ ಏಳು ಹಳ್ಳಿಯ ಹೆರಿಗೆ ಅವರ ಕೈಯಲ್ಲಿ ಆಗುತ್ತಿತ್ತು. ಆದರೆ ಆ ಹೊತ್ತಿಗೆ ಹೆಣ್ಣುಮಕ್ಕಳು ಹೆರಿಗೆಗೆ ಆಸ್ಪತ್ರೆಗೆ ಹೋಗಲು ಶುರು ಮಾಡಿದ್ದರು. ಒಬ್ಬ ನರ್ಸಮ್ಮ ಅತ್ತೆಯವರನ್ನು ನಾಲ್ಕು ಜನರೆದುರು, "ನಿಮಗೆ ಸರ್ಟಿಫಿಕೇಟ್ ಇದೆಯೇನಮ್ಮ?" ಎಂದು ಕೇಳಿದ್ದಳು. ಅದು ಅತ್ತೆಯವರ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು.

ಅಂಜನಮ್ಮ ಮನೆಗೆ ಕಡೆಯವಳು. ಪಿಯುಸಿ ವಿಜ್ಞಾನದಲ್ಲಿ ಪಾಸಾಗಿದ್ದಳು, ಆದರೆ ಅಂಕ ಹೆಚ್ಚು ಬಂದಿರಲಿಲ್ಲ. ಬಿ.ಎಸ್ಸಿ. ಕೆಮಿಸ್ಟ್ರಿ ಬೇಕೆಂದು ಜಯನಗರದ ಕಡೆಯ ಒಂದು ಕಾಲೇಜಿಗೆ ಅರ್ಜಿ ಹಾಕಿದ್ದಳು. ಮೊದಲ ಲಿಸ್ಟಿನಲ್ಲಿ ಅವಳ ನಂಬರ್ ಇರಲಿಲ್ಲ. ಎರಡನೇ ಲಿಸ್ಟಿನಲ್ಲೂ ಇರಲಿಲ್ಲ. ಎರಡನೆಯದನ್ನು ನೋಡಿ ಬಂದವಳು ಊಟ ಬಿಟ್ಟು ಮಲಗಿದಳು.

ನಮ್ಮ ಯಜಮಾನರು ದಾಸಪ್ಪ ಒಳ್ಳೆಯವರೇ, ಆದರೆ ಕಾಯುವ ಸ್ವಭಾವ ಅವರದಲ್ಲ. ಸ್ನೇಹಿತ ವೆಂಕಟಸ್ವಾಮಿ ರೆಡಿಮೇಡ್ ಬಟ್ಟೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅವನಿಗೆ ಹೇಳಿ ತಂಗಿಗೆ ಅಲ್ಲೊಂದು ಹೊಲಿಗೆ ಮಿಷನ್ ಗೊತ್ತು ಮಾಡಿಬಿಟ್ಟರು. ಬರುವ ಸೋಮವಾರದಿಂದ ಹೋಗಬೇಕು.

"ಎರಡು ಲಿಸ್ಟ್ ಆಯ್ತು. ಬಸ್ ಹೋದ್ಮೇಲೆ ಕೈ ಅಡ್ಡ ಹಾಕ್ಕೊಂಡು ನಿಂತ್ರೆ ನಿಲ್ಲುತ್ತೇನೆ?" ಎಂದರು.

ಅಂಜನಮ್ಮ ಅಡುಗೆಮನೆಗೆ ಬಂದು ನನ್ನ ಹತ್ತಿರ ಮೆಲ್ಲಗೆ, "ಅತ್ತಿಗೆ, ನೀನು ಹೆಂಗೂ ಸೊಪ್ಪು ಮಾರೋಕೆ ಆ ಕಡೆ ಹೋಗ್ತೀಯ. ಬೋರ್ಡಲ್ಲಿ ಏನಾದ್ರೂ ಹೊಸದು ಅಂಟಿಸಿದಾರಾ ನೋಡ್ಕೊಂಡು ಬಾ. ನನ್ನ ನಂಬರು ಮುನ್ನೂರ ಹದಿನೇಳು" ಎಂದಳು.

ನನಗೆ ಅಂಕಿ ಚೆನ್ನಾಗಿ ಬರುತ್ತಿತ್ತು. ಅಕ್ಷರ ಒಂದೊಂದೇ ಕೂಡಿಸಿ ಓದಬೇಕಿತ್ತು. ಮೂರನೇ ಕ್ಲಾಸಿಗೇ ಬಿಟ್ಟವಳು ನಾನು. ದಿನವೂ ಸೊಪ್ಪಿನ ಬುಟ್ಟಿ ಖಾಲಿಯಾದ ಮೇಲೆ ಕಾಲೇಜಿನ ಗೇಟಿನೊಳಗೆ ಹೋಗಿ ಬೋರ್ಡಿನಲ್ಲಿ ಮುನ್ನೂರ ಹದಿನೇಳನ್ನು ಹುಡುಕುತ್ತಿದ್ದೆ. ಗುರುವಾರ ಒಂದು ಹೊಸ ಹಾಳೆ ಅಂಟಿಸಿದ್ದರು. ಅದರಲ್ಲಿ ನಂಬರುಗಳೇ ಇರಲಿಲ್ಲ. ಬರೀ ಬರವಣಿಗೆ, ಐದು ಸಾಲು. ಬಿಟ್ಟುಬರಲು ಮನಸ್ಸಾಗಲಿಲ್ಲ. ಜವಾನ ಕಿಟ್ಟಿಯ ಹತ್ತಿರ ಪೆನ್ಸಿಲು ಇಸಿದುಕೊಂಡು, ಸೊಪ್ಪು ಸುತ್ತುವ ಕಾಗದದ ಮೇಲೆ ಒಂದೊಂದೇ ಅಕ್ಷರ ಇದ್ದ ಹಾಗೇ ಇಳಿಸಿಕೊಳ್ಳತೊಡಗಿದೆ. ಒತ್ತು, ದೀರ್ಘ, ಕೆಳಗಿನ ಸೀಲಿನ ಗುಂಡು, ಎಲ್ಲವನ್ನೂ.

"ಏನಮ್ಮ, ನೀನೂ ಬಿ.ಎಸ್ಸಿ. ಮಾಡ್ತೀಯಾ?" ಎಂದ ಕಿಟ್ಟಿ.

"ಮಾಡಿದ್ರೆ ನಿಮ್ಮಪ್ಪನ ಗಂಟೇನಾದ್ರೂ ಹೋಗುತ್ತೇನಪ್ಪ?"

"ಹೋಗಲ್ಲ ತಾಯಿ, ಪೆನ್ಸಿಲ್ ಮಾತ್ರ ವಾಪಸ್ ಕೊಟ್ಟೋಗು."

ಸಾಯಂಕಾಲ ಮನೆಯವರೆಲ್ಲ ಜಗಲಿಯ ಮೇಲೆ ಕೂತಿದ್ದಾಗ ಕಾಗದ ಬಿಡಿಸಿ ಓದಿದೆ. ಅಂಜನಮ್ಮನ ಕೈಗೆ ಕೊಟ್ಟಿದ್ದರೆ ಅವಳು ಸರಾಗವಾಗಿ ಓದುತ್ತಿದ್ದಳು. ಆದರೆ ಕಷ್ಟಪಟ್ಟು ಬರೆದು ತಂದವಳು ನಾನಲ್ಲವೇ, ನಾನೇ ಓದಬೇಕೆನ್ನಿಸಿತು.

"ಬಿ.ಎಸ್ಸಿ. ಭೂ... ಗರ್ಭ... ಶಾಸ್ತ್ರ... ವಿಭಾಗದಲ್ಲಿ... ಕೆಲವು ಸೀಟು... ಖಾಲಿ ಇವೆ."

"ಏನಂದೆ?" ಅತ್ತೆ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಗರ್ಭ ಅಂದ್ಯಾ?"

"ಗರ್ಭಶಾಸ್ತ್ರ ಅಂತ ಇದೆ ಅತ್ತೆ."

"ಅದನ್ನೂ ಕಾಲೇಜಲ್ಲಿ ಕಲಿಸ್ತಾರಾ? ಸರ್ಟಿಫಿಕೇಟ್ ಕೊಡ್ತಾರಾ?"

"ಬಿ.ಎಸ್ಸಿ. ಅಂದ್ಮೇಲೆ ಕೊಡ್ತಾರೆ."

ಅತ್ತೆ ಎದ್ದು ನಿಂತರು. "ಲೇ ದಾಸ, ನಿನ್ನ ವೆಂಕಟಸ್ವಾಮಿಗೆ ಹೇಳು, ಮಿಷನ್ ಬೇರೆಯವರಿಗೆ ಕೊಡ್ಲಿ ಅಂತ. ಎಷ್ಟು ಮಕ್ಕಳನ್ನ ಭೂಮಿಗೆ ಇಳಿಸಿದೀನೋ ನನಗೇ ಲೆಕ್ಕ ಇಲ್ಲ. ಒಂದು ಚೂರು ಕಾಗದ ಕೊಟ್ಟೋರಿಲ್ಲ ನಂಗೆ. ನನ್ನ ಮಗಳಿಗಾದ್ರೂ ಕೊಡ್ಲಿ."

ಅಂಜನಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಅತ್ತಿಗೆ, ಅದು ಹೆರಿಗೆ ಓದಲ್ಲ. ಭೂಮಿಯ ಗರ್ಭ. ಒಳಗಡೆ ಇರೋ ಕಲ್ಲು, ಮಣ್ಣು. ಅಮ್ಮಂಗೆ ಹೇಳಿಬಿಡ್ಲಾ?" ಎಂದಳು.

ಹೇಳಿದರೆ ಸೋಮವಾರ ಫ್ಯಾಕ್ಟರಿ. ನನಗೆ ಅದು ಗೊತ್ತಿತ್ತು, ಅವಳಿಗೂ ಗೊತ್ತಿತ್ತು. "ಮೊದಲು ಸೀಟು ಸಿಗ್ಲಿ" ಎಂದೆ. ಆ ಸುಳ್ಳಿನಲ್ಲಿ ನನ್ನದೇ ದೊಡ್ಡ ಪಾಲು.

ಶನಿವಾರ ಮಧ್ಯಾಹ್ನ ಒಂದು ಗಂಟೆ ಕಡೆಯ ಗಡುವು. ನಾವಿಬ್ಬರೂ ಒಂಬತ್ತೂವರೆಗೇ ಹೋಗಿ ನಿಂತೆವು. ಗುಮಾಸ್ತ ಸೋಮಲಿಂಗಪ್ಪನವರು ಫಾರಂ ಕೊಟ್ಟು, ತಂದೆಯ ರುಜು ಬೇಕೆಂದರು. ಅಣ್ಣನದು ನಡೆಯುವುದಿಲ್ಲ, ತಂದೆ ಬದುಕಿದ್ದರೆ ತಂದೆಯದೇ ಆಗಬೇಕು. ಮಾವ ಆವತ್ತು ಸುಬ್ರಹ್ಮಣ್ಯಪುರದಲ್ಲಿ ಬಾವಿ ಕೆಲಸದಲ್ಲಿದ್ದರು. ಸಿಕ್ಕ ಬಸ್ಸು ಹತ್ತಿದೆವು, ಇಳಿದು ಓಡಿದೆವು. ನಾವು ಬಾವಿಯ ಬಳಿ ಮುಟ್ಟಿದಾಗ ಹನ್ನೊಂದೂಕಾಲು ಎಂದು ಅಲ್ಲಿದ್ದವರೊಬ್ಬರು ಗಡಿಯಾರ ನೋಡಿ ಹೇಳಿದರು.

ಮಾವ ನಲವತ್ತಡಿ ಕೆಳಗಿದ್ದರು. ಮೇಲಿಂದ ನೋಡಿದರೆ ಬಿಳಿ ಪೇಟ ಒಂದೇ ಕಾಣುತ್ತಿತ್ತು.

"ಅಪ್ಪಾ, ಮೇಲೆ ಬಾ! ರುಜು ಹಾಕ್ಬೇಕು! ಒಂದು ಗಂಟೆಯೊಳಗೆ ಕಾಲೇಜಿಗೆ ಕೊಡ್ಬೇಕು!" ಎಂದು ಅಂಜನಮ್ಮ ಕೂಗಿದಳು.

"ಹತ್ತೋದ್ರಲ್ಲಿ ನಿಮ್ಮ ಹೊತ್ತು ಮೀರುತ್ತೆ ಕಣಮ್ಮ. ಕಾಗದ ಇಳಿಸು!"

ಮಣ್ಣು ಎಳೆಯುವ ಮಂಕರಿಯೊಳಗೆ ಒಣಗಿದ ಟವೆಲು ಹಾಸಿ, ಅದರ ಮೇಲೆ ಫಾರಂ ಇಟ್ಟು ಹಗ್ಗ ಬಿಟ್ಟರು. ಮಾವನಿಗೆ ಅಕ್ಷರ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಬೇಕು. ಶಾಯಿಯ ಮಾತು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ.

"ಎಲ್ಲಿ ಒತ್ತಲೇ?"

"ಕೆಳಗಡೆ, ಬಲಗಡೆ! ಗೀಟು ಎಳೆದಿರೋ ಕಡೆ!"

ಮಂಕರಿ ಮೇಲೆ ಬಂತು. ಗೀಟಿನ ಮೇಲೆ ಹೆಬ್ಬೆಟ್ಟಿನ ಗುರುತು ಅಚ್ಚು ಹಾಕಿದ ಹಾಗೆ ಬಿದ್ದಿತ್ತು. ಹಸಿ ಮಣ್ಣಿನಲ್ಲಿ ಒತ್ತಿದ್ದರು.

ಕಾಲೇಜು ಮುಟ್ಟುವಾಗ ಒಂದು ಗಂಟೆಗೆ ಹತ್ತು ನಿಮಿಷವಿತ್ತು. ಸೋಮಲಿಂಗಪ್ಪನವರು ಫಾರಂ ನೋಡಿ ಕನ್ನಡಕ ಹಣೆಗೇರಿಸಿದರು.

"ಇದೇನ್ರಮ್ಮ ಇದು? ಮಣ್ಣು!"

"ನಮ್ಮಪ್ಪನ ಹೆಬ್ಬೆಟ್ಟು ಸಾರ್. ಬಾವಿಯಲ್ಲಿದ್ರು."

"ಬಾವಿಯಲ್ಲಿರ್ಲಿ, ಆಕಾಶದಲ್ಲಿರ್ಲಿ. ಶಾಯಿಯಲ್ಲಿ ಒತ್ತಿಸ್ಕೊಂಡು ಬನ್ನಿ. ಒಂದು ಗಂಟೆಗೆ ಕಿಟಕಿ ಹಾಕ್ತೀನಿ."

ಅಂಜನಮ್ಮ ಅಳಲಿಲ್ಲ, ಅಲ್ಲಾಡಲೂ ಇಲ್ಲ. ನಾನು ಸೋಮಲಿಂಗಪ್ಪನವರಿಗೆ ಕೈ ಮುಗಿದು ಏನೇನೋ ಹೇಳುತ್ತಿದ್ದೆ. ಅಷ್ಟರಲ್ಲಿ ಒಳಗೆ ರಿಜಿಸ್ಟರು ನೋಡುತ್ತಿದ್ದ ಒಬ್ಬ ಮೇಡಂ ಕಿಟಕಿಯ ಹತ್ತಿರ ಬಂದರು. ಅವರು ಸರ್ವಮಂಗಳಾ ಮೇಡಂ, ಅದೇ ಭೂಗರ್ಭಶಾಸ್ತ್ರದವರು ಎಂದು ಆಮೇಲೆ ಗೊತ್ತಾಯಿತು. ಫಾರಂ ತೆಗೆದುಕೊಂಡು ಬೆಳಕಿಗೆ ಹಿಡಿದರು. ಗುರುತಿನಲ್ಲಿ ಚಿಕ್ಕ ಚಿಕ್ಕ ಚೂರುಗಳು ಮಿಣಮಿಣ ಎಂದವು.

"ಎಲ್ಲಿಯ ಮಣ್ಣಮ್ಮ ಇದು?"

"ಸುಬ್ರಹ್ಮಣ್ಯಪುರದ್ದು ಮೇಡಂ. ನಲವತ್ತಡಿ ಕೆಳಗಿನದು" ಎಂದಳು ಅಂಜನಮ್ಮ.

"ಹೊಳೀತಿರೋದು ಏನು?"

"ಕಾಗೆಬಂಗಾರ ಮೇಡಂ. ಮೇಲೆ ಮೊದಲು ಕೆಮ್ಮಣ್ಣು ಬರುತ್ತೆ, ಆಮೇಲೆ ಜೇಡಿ, ಆಮೇಲೆ ಈ ಹಳದಿ ಮಣ್ಣು. ಕಾಗೆಬಂಗಾರ ಕಂಡ್ರೆ ಬಂಡೆ ಹತ್ರ ಬಂತು, ಸಂದಿಯಲ್ಲಿ ನೀರಿರುತ್ತೆ ಅಂತಾರೆ ನಮ್ಮಪ್ಪ."

"ನೀವು ಯಾವಾಗ ನೋಡಿದ್ರಿ?"

"ಚಿಕ್ಕೋಳಿದ್ದಾಗ ಬಾವಿಗೆ ಬುತ್ತಿ ತಗೊಂಡೋಗ್ತಿದ್ದೆ. ಮಂಕರಿ ಮೇಲೆ ಬಂದಂಗೆಲ್ಲ ಮಣ್ಣು ಮುಟ್ಟಿ ನೋಡ್ತಿದ್ದೆ."

ಮೇಡಂ ಫಾರಂ ಅನ್ನು ಗುಮಾಸ್ತರ ಮುಂದಿಟ್ಟರು. "ಸೋಮಲಿಂಗಪ್ಪನೋರೇ, ಬೇರೆ ವಿಭಾಗಕ್ಕಾದ್ರೆ ಶಾಯಿ ಕೇಳಿ. ನಮ್ಮದಕ್ಕೆ ಇದು ನಡೆಯುತ್ತೆ. ನಾನು ಪಕ್ಕದಲ್ಲಿ ಸಹಿ ಹಾಕ್ತೀನಿ."

"ನಿಮಗೆ ಮಣ್ಣೇ ಬಂಗಾರ, ನನಗೆ ಟೇಬಲ್ ಒರೆಸೋ ಕೆಲಸ" ಎಂದು ಗೊಣಗುತ್ತಲೇ ಅವರು ಸೀಲು ಒತ್ತಿದರು.

ವಾಪಸು ಬರುವಾಗ ಬನಶಂಕರಿಯಿಂದ ಕದಿರೇನಹಳ್ಳಿ ದಾಟಿಕೊಂಡು ಹೊಲದ ದಾರಿಯಲ್ಲಿ ನಡೆದೆವು. ಸಣ್ಣಗೆ ಮಳೆ ಹನಿಯುತ್ತಿತ್ತು. ಅಂಜನಮ್ಮ ನಡೆಯುತ್ತಲೇ, "ಅತ್ತಿಗೆ, ಕೆಮಿಸ್ಟ್ರಿ ಸಿಗಲಿಲ್ಲ ಅಂತ ಅತ್ತಿದ್ನಲ್ಲ, ನಾನೆಂಥ ಪೆದ್ದಿ. ಅಪ್ಪ ಹೇಳೋದಕ್ಕೆಲ್ಲ ಪುಸ್ತಕ ಇದೆಯಂತೆ, ಮೇಡಂ ಹೇಳಿದ್ರು" ಎಂದಳು. ಆ ದಾರಿ ಈಗ ಎಲ್ಲಿತ್ತೆಂದು ನನಗೇ ತಿಳಿಯುವುದಿಲ್ಲ. ಆವತ್ತು ಅವಳ ಮುಖದ ಮೇಲಿದ್ದ ಮಳೆನೀರು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವಳು ಕಾಲೇಜಿಗೆ ಹೋಗತೊಡಗಿದಳು. ಅತ್ತೆ ಕಂಡಕಂಡವರಿಗೆಲ್ಲ ಮಗಳು ಗರ್ಭಶಾಸ್ತ್ರ ಓದುತ್ತಿದ್ದಾಳೆ ಎಂದು ಹೇಳಿಕೊಂಡು ಬಂದರು. ಹೇಳಬೇಕು, ಇವತ್ತು ಹೇಳಬೇಕು ಎಂದು ನಾವಿಬ್ಬರೂ ದಿನ ದೂಡಿದೆವು.

ಡಿಸೆಂಬರಿನಲ್ಲಿ ಪಕ್ಕದ ಮನೆಯ ಮಂಗಮ್ಮನ ಸೊಸೆ ಯಲ್ಲಮ್ಮ ಚೊಚ್ಚಲ ಬಸುರಿ, ತುಂಬಿದ ಹೊಟ್ಟೆ. ನೋಡಲು ಅತ್ತೆ ಹೋದರು, ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಕೇರಿಯ ಐದಾರು ಹೆಂಗಸರು ಕೂತಿದ್ದರು. ಅತ್ತೆ ಹೊಟ್ಟೆ ಮುಟ್ಟಿ ನೋಡಿ ಕೈ ತೆಗೆದು, "ಅಂಜನಿ, ಈಗ ನೀನು ಮುಟ್ಟಿ ಹೇಳು. ಮಗು ತಿರುಗಿದೆಯೋ ಇಲ್ಲವೋ" ಎಂದರು.

ಅಂಜನಮ್ಮ ನಿಂತಲ್ಲೇ ನಿಂತಳು.

"ಬಾರೇ, ಓದಿದೋಳಲ್ವಾ?" ಎಂದಳು ಮಂಗಮ್ಮ.

"ಅಮ್ಮ, ನನಗೆ ಅದು ಬರಲ್ಲ. ನಾನು ಓದ್ತಿರೋದು ಭೂಮಿಯ ಗರ್ಭ. ಕಲ್ಲು, ಮಣ್ಣು, ನೀರು."

ಒಬ್ಬಳು ಕಿಸಕ್ಕೆಂದು ನಕ್ಕಳು. "ಕಲ್ಲು ಹೆರಿಸ್ತಾಳಂತೆ ಮಾರಮ್ಮನ ಮಗಳು!"

ಅತ್ತೆ ಆ ಮಾತು ಕೇಳದವರ ಹಾಗೆ ಯಲ್ಲಮ್ಮನ ಸೆರಗು ಸರಿಮಾಡಿ, ಮಗು ತಿರುಗಿದೆ, ಹೆದರಬೇಡ ಎಂದು ಹೇಳಿ ಎದ್ದರು. ಮನೆಗೆ ಬಂದು ಜಗಲಿಯ ಮೇಲೆ ಕೂತು ನನ್ನನ್ನು ಕೇಳಿದರು.

"ಗೋವಿಂದಿ, ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ. ಓದಿದ ದಿನವೇ ಗೊತ್ತಾಯ್ತು. ಹೇಳದೆ ಇದ್ದದ್ದು ನಾನೇ."

ಅಷ್ಟು ಹೊತ್ತಿಗೆ ಸುದ್ದಿ ನಮ್ಮ ಯಜಮಾನರ ಕಿವಿಗೂ ಬಿದ್ದಿತ್ತು. ಸೈಕಲ್ಲು ನಿಲ್ಲಿಸಿದವರೇ, "ಅಮ್ಮಂಗೆ ಸುಳ್ಳು ಹೇಳಿ ಓದೋ ಓದು ಬೇಡ. ವೆಂಕಟಸ್ವಾಮಿನ ಕೇಳ್ತೀನಿ, ಸೋಮವಾರದಿಂದ ಫ್ಯಾಕ್ಟರಿಗೆ ಹೋಗ್ಲಿ" ಎಂದರು. ಮಾವ ಮೂಲೆಯಲ್ಲಿ ಬೀಡಿ ಹಚ್ಚಿಕೊಂಡು ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಅಂಜನಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತೆ ಹೂಂ ಎಂದರೆ ಮುಗಿಯಿತು.

ಅತ್ತೆ ಎಲೆಗೆ ಸುಣ್ಣ ಹಚ್ಚಿದರು, ಮಡಿಸಿದರು, ಬಾಯಿಗೆ ಹಾಕಿಕೊಳ್ಳಲಿಲ್ಲ.

"ಗೋವಿಂದಿ, ಇವಳು ಸೇರಿ ಎಷ್ಟು ತಿಂಗಳಾಯ್ತು?"

ನಾನು ಬೆರಳು ಮಡಿಸಿ ಎಣಿಸಿದೆ. "ನಾಲ್ಕು ತುಂಬಿ ಐದಕ್ಕೆ ಬಿತ್ತು ಅತ್ತೆ."

"ಕೇಳಿದ್ಯೇನೋ ದಾಸ? ಐದಕ್ಕೆ ಬಿದ್ದ ಬಸಿರಿಗೆ ಕೈ ಹಾಕಬಾರದು. ಹೆತ್ತುಕೊಳ್ಳಲಿ, ಬಿಡು."