ಹೆಸರು ನೋಡಬೇಡಿ, ಹಲ್ಲು ನೋಡಿ

ಬೀರುವಿನ ಹಿಂದಿನಿಂದ ಆ ಸುರುಳಿಯನ್ನು ಎಳೆದಾಗ ಮೊದಲು ಬಂದದ್ದು ವಾಸನೆ. ಎನಾಮಲ್ ಪೇಂಟು, ತಿನ್ನರ್, ಹಳೆಯ ರೆಕ್ಸಿನ್. ಕಳೆದ ವಾರ ನಮ್ಮ ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನಕ್ಕೆಂದು ಲ್ಯಾಬ್ ಗುಡಿಸುತ್ತಿದ್ದೆವು. ದಾರ ಬಿಚ್ಚಿ ಟೇಬಲ್ಲಿನ ಮೇಲೆ ಹಾಸಿದೆ. ನೀಲಿ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು, ತಿಮಿಂಗಿಲಗಳು ಮಾತ್ರ ಹಾಗೇ ಇದ್ದವು. ಹನ್ನೆರಡು ವರ್ಷದಿಂದ ನಾನು ಆ ಚಾರ್ಟನ್ನು ಬಿಚ್ಚಿರಲಿಲ್ಲ. ಎಲ್ಲಿದೆ ಎಂದು ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಬಿಚ್ಚಿರಲಿಲ್ಲ.

ಅದನ್ನು ಬರೆದವರನ್ನು ನಾನು ಪೇಂಟರ್ ಅಣ್ಣ ಎಂದು ಕರೆಯುತ್ತಿದ್ದೆ. ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯವರು. ಅಂತರಸನಹಳ್ಳಿಯಲ್ಲಿ ಲಾರಿಗಳಿಗೆ ನಂಬರು, ಫ್ಯಾಕ್ಟರಿಗಳಿಗೆ ಬೋರ್ಡು ಬರೆಯುವುದು ಅವರ ಕೆಲಸ. ಫ್ಲೆಕ್ಸ್ ಬಂದು ಬೋರ್ಡು ಬರೆಸುವವರು ಕಮ್ಮಿಯಾದ ಮೇಲೆ ಶಾಲೆಗಳಿಗೆ ಚಾರ್ಟ್ ಬರೆದುಕೊಡುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಹುಟ್ಟಿ ಬೆಳೆದದ್ದು ಗುಬ್ಬಿ ಹತ್ತಿರದ ಕಡಬದಲ್ಲಿ. ಸಮುದ್ರ ನೋಡಿದವರೇ ಅಲ್ಲ. ಅವರ ಪಾಲಿಗೆ ದೊಡ್ಡ ನೀರೆಂದರೆ ಕಡಬದ ಕೆರೆ.

ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಸಸ್ತನಿಗಳ ಪಾಠಕ್ಕೆ ತಿಮಿಂಗಿಲ, ಡಾಲ್ಫಿನ್‌ಗಳ ಚಾರ್ಟ್ ಬೇಕಿತ್ತು. ಯಾವ ಚಿತ್ರದ ಕೆಳಗೆ ಏನು ಬರೆಯಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟು ಬಂದೆ. ಸಂಜೆ ಬಸ್ಸಿಳಿದು ಬರುವಷ್ಟರಲ್ಲಿ ಅವರು ಚೀಟಿ ಹಿಡಿದು ಗೇಟಿನ ಹತ್ತಿರ ನಿಂತಿದ್ದರು.

"ಮೇಡಂ, ಕ್ಲಾಸಲ್ಲಿ ಇದು ಮೀನಲ್ಲ ಅಂತ ಹೇಳ್ಕೊಡ್ತೀರ. ಚೀಟೀಲಿ ತಿಮಿಂಗಿಲ ಮೀನು ಅಂತ ಬರ್ದಿದೀರಲ್ಲ?"

ನನ್ನ ಕಿವಿ ಬಿಸಿಯಾಯಿತು. ಚಿಕ್ಕಂದಿನಿಂದ ಎಲ್ಲರ ಬಾಯಲ್ಲೂ ತಿಮಿಂಗಿಲ ಮೀನು ಎಂದೇ ಕೇಳಿದ್ದು, ಕೈ ತಾನಾಗಿ ಬರೆದುಬಿಟ್ಟಿತ್ತು. ಪೇಪರ್ ತಿದ್ದುವಾಗ ಮಕ್ಕಳಿಗೆ ಇದೇ ತಪ್ಪಿಗೆ ಕೆಂಪು ಗೆರೆ ಎಳೆಯುವವಳು ನಾನು!

ಅಲ್ಲಿಂದ ಅವರಿಗೆ ಆ ಚಾರ್ಟಿನ ಹುಚ್ಚು ಹಿಡಿಯಿತು. ದಿನಾ ಸಂಜೆ ಒಂದೊಂದು ಪ್ರಶ್ನೆ. ವೈಜ್ಞಾನಿಕ ಹೆಸರನ್ನು ಅಚ್ಚಿನಲ್ಲಿ ಓರೆ ಅಕ್ಷರದಲ್ಲಿ ಹಾಕುತ್ತಾರೆ ಎಂದು ಒಮ್ಮೆ ಹೇಳಿದ್ದೆ. ಅವರು ಕನ್ನಡ ಅಕ್ಷರಗಳನ್ನೂ ಓರೆಯಾಗಿಯೇ ಬರೆದರು. 'ಆರ್ಸೈನಸ್ ಆರ್ಕಾ' ಎನ್ನುವುದು ಗಾಳಿಗೆ ವಾಲಿದ ಹಾಗೆ ಕಾಣುತ್ತಿತ್ತು. ಆ ಹೆಸರಿನ ಕೊಲೆಗಾರ ತಿಮಿಂಗಿಲದ ಹತ್ತಿರ ಬಂದಾಗಲಂತೂ ಮೂರು ದಿನ ಕುಂಚ ಮುಟ್ಟಲಿಲ್ಲ. ಅದನ್ನು ದೊಡ್ಡ ತಿಮಿಂಗಿಲಗಳ ಸಾಲಿನಲ್ಲಿ ಬರೆಯಬೇಡಿ, ಅದು ಡಾಲ್ಫಿನ್ ಕುಟುಂಬದ್ದು ಎಂದು ನಾನು ಹೇಳಿದ್ದೇ ತಪ್ಪಾಗಿತ್ತು.

"ಅಂಗಾದ್ರೆ ತಿಮಿಂಗಿಲ ಅಂತ ಹೆಸ್ರಿಟ್ಟೋರ್ ಯಾರು?"

"ನೋಡ್ದೋರು ಅಣ್ಣ. ನೀರಲ್ಲಿ ದೊಡ್ಡದಾಗಿ ಕಾಣಿಸ್ತು, ತಿಮಿಂಗಿಲ ಅಂದ್ರು. ಜನ ಮೇಲಿಂದ ನೋಡಿ ಹೆಸರಿಡ್ತಾರೆ. ಯಾವ ಕುಟುಂಬ ಅಂತ ಗೊತ್ತಾಗೋದು ಹಲ್ಲು, ಮೂಳೆ ನೋಡಿದ್ರೆ."

ಅವರು ತಲೆಯಾಡಿಸಿದರು. "ಲಾರೀನೂ ಅಂಗೇಯ ಮೇಡಂ. ಬಾಡಿ ಯಾರ್ ಬೇಕಾದ್ರೂ ಕಟ್ಟಿರ್ತಾರೆ. ಯಾವ್ ಕಂಪ್ನಿ ಅಂತ ತಿಳೀಬೇಕಂದ್ರೆ ಚಾಸಿ ನಂಬರ್ ನೋಡ್ಬೇಕು."

ಆ ಪಾಠವನ್ನು ನಾನು ಅದಕ್ಕಿಂತ ಚೆನ್ನಾಗಿ ಯಾವತ್ತೂ ಹೇಳಿಕೊಟ್ಟಿಲ್ಲ. ಚಾರ್ಟ್ ಒಪ್ಪಿಸಿದ ದಿನ ನೋಡಿದರೆ, ನಾನು ಹೇಳದಿದ್ದ ಒಂದು ಸಾಲು ಅಡಿಯಲ್ಲಿ ಸಣ್ಣಗೆ ಸೇರಿತ್ತು: ಹೆಸರು ನೋಡಬೇಡಿ, ಹಲ್ಲು ನೋಡಿ. ಅದೇನು ಹಲ್ಲುಪುಡಿ ಜಾಹೀರಾತಾ ಅಣ್ಣ ಎಂದು ನಾನು ರೇಗಿಸಿದೆ. ಅವರು ನಕ್ಕರು. ಅಳಿಸಲಿಲ್ಲ.

ಇದೆಲ್ಲ ಆಗಿ ಎರಡು ತಿಂಗಳಿರಬೇಕು... ಮಳೆಗಾಲ ಇನ್ನೂ ಶುರುವಾಗಿರಲಿಲ್ಲ. ಬೆಳಿಗ್ಗೆ ಬಸ್‌ಸ್ಟಾಪಿಗೆ ನಡೆಯುತ್ತಿದ್ದೆ. ಅವರು ಎದುರಿಗೆ ಬಂದರು. ಕಣ್ಣಿನ ಬಿಳಿಭಾಗ ಅರಿಶಿನ ಕಲಸಿದ ಹಾಗಿತ್ತು. ಮಾತಾಡುತ್ತಲೇ ತೋಳು ಕೆರೆದುಕೊಳ್ಳುತ್ತಿದ್ದರು.

"ಅಯ್ಯೋ, ಕಾಮಾಲೆ ಅಲ್ವಾ ಅಣ್ಣ ಇದು!" ಎಂದೆ.

"ಎಲ್ರೂ ಅದೇ ಅಂತಾವ್ರೆ. ಆಸ್ಪತ್ರೆಗೆ ಹೋಗ್ಲಾ ಮೇಡಂ? ಅತ್ಲಾಗೆ ಹಳ್ಳಿ ಔಷಧಿ ತಗಳ್ಲಾ? ನೀವ್ ಹೇಳ್ದಂಗೆ ಮಾಡ್ತೀನಿ."

ಆ ಪ್ರಶ್ನೆಯನ್ನು ಅವರು ಬೀದಿಯಲ್ಲಿ ಬೇರೆ ಯಾರನ್ನೂ ಕೇಳಿರಲಿಲ್ಲ. ಸೈನ್ಸ್ ಮೇಡಂ ಎಂದು ನನ್ನನ್ನು ಕೇಳಿದ್ದರು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಕಾಮಾಲೆಗೆ ಇಂಗ್ಲಿಷ್ ಔಷಧಿ ಇಲ್ಲ ಎನ್ನುವುದು ನಮ್ಮ ಕಡೆ ಎಲ್ಲರೂ ಆಡುವ ಮಾತು. ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ ಸೊಪ್ಪಿನ ರಸ ಕೊಡುತ್ತಾರೆ, ನಮ್ಮಮ್ಮನಿಗೆ ಅದರಲ್ಲೇ ವಾಸಿಯಾಯಿತು, ಪಥ್ಯ ಮಾತ್ರ ಬಿಡಬೇಡಿ ಎಂದು ಹೇಳಿ ಬಸ್ಸು ಹತ್ತಿದೆ.

ಕಣ್ಣು ಹಳದಿಯಾಗುವುದು ರೋಗದ ಗುರುತು, ಅದೇ ರೋಗವಲ್ಲ. ಅಮ್ಮನಿಗೆ ಆಗಿದ್ದು ತಾನಾಗಿ ವಾಸಿಯಾಗುವ ಸೋಂಕು. ಅದೇ ಹಳದಿ ಇನ್ನೂ ಹತ್ತು ಕಾರಣಕ್ಕೆ ಬರಬಹುದು. ಇದು ನನಗೆ ಗೊತ್ತಿರಲಿಲ್ಲ ಎಂದರೆ ನನ್ನ ನಾಲಿಗೆಗೇ ನಾಚಿಕೆ. ಯಕೃತ್ತು, ಪಿತ್ತಕೋಶದ ಪಾಠ ಮಾಡುವವಳು ನಾನೇ. ಆ ಪಾಠ ಕ್ಲಾಸಿನ ಬಾಗಿಲಾಚೆ ನನ್ನ ಜೊತೆ ಬಂದಿರಲಿಲ್ಲ, ಅಷ್ಟೆ.

ಅವರು ಪ್ರತಿ ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಸ ಕುಡಿದು ಬರುತ್ತಿದ್ದರು. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ಎರಡು ಹೊತ್ತೂ ಮಜ್ಜಿಗೆ ಅನ್ನ. ಮೂರು ವಾರಕ್ಕೆ ಹಳದಿ ಇಳಿಯಲಿಲ್ಲ, ರಸ ಕೊಡುವವರು ಇನ್ನೂ ಮೂರು ವಾರ ಎಂದರು. ಶರ್ಟು ಮೈಮೇಲೆ ತೂಗುಹಾಕಿದ ಹಾಗೆ ಕಾಣತೊಡಗಿತು. ಏನಣ್ಣ ಇಷ್ಟು ಇಳಿದುಹೋಗಿದೀರ ಎಂದು ಕೇಳಿದಾಗ, "ಪಥ್ಯ ಅಲ್ವಾ ಮೇಡಂ" ಎಂದರು. ನಾನೂ ನಂಬಿದೆ. ಎಷ್ಟು ಶಿಸ್ತು ನೋಡಿ ಎಂದು ಸ್ಟಾಫ್‌ರೂಮಿನಲ್ಲಿ ಅವರನ್ನು ಹೊಗಳಿದ್ದೂ ನೆನಪಿದೆ.

ಎರಡು ತಿಂಗಳು ಕಳೆದ ಮೇಲೆ ಕೆಲಸದ ಜಾಗದಲ್ಲೇ ಬಿದ್ದರು. ತುಮಕೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗೆಡ್ಡೆ, ಪಿತ್ತದ ನಾಳವನ್ನು ಒತ್ತಿಕೊಂಡು ಬೆಳೆದಿತ್ತು. ಕಣ್ಣು ಹಳದಿಯಾದ ವಾರವೇ ಕರೆತಂದಿದ್ದರೆ ಆಪರೇಷನ್ ಮಾಡಲು ಸಾಧ್ಯವಿತ್ತೇನೋ, ಈಗ ಹರಡಿದೆ ಎಂದು ಡಾಕ್ಟರು ಹೇಳಿದರು. ಆ ಮಾತು ಹೇಳುವಾಗ ಮಂಚದ ಈಚೆಗೆ ನಾನಿದ್ದೆ, ಆಚೆಗೆ ಅವರ ಹೆಂಡತಿ ಇದ್ದರು.

ಕೊನೆಯ ಸಲ ಹೋದಾಗ ಅವರಿಗೆ ಮಾತಾಡಲು ತ್ರಾಣವಿರಲಿಲ್ಲ. ನನ್ನನ್ನು ಹತ್ತಿರ ಕರೆದರು. ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಇದೂ ಅಂಗೇ ಆಯ್ತಲ್ಲ ಮೇಡಂ," ಎಂದರು. "ಕಾಮಾಲೆ ಅಂತ ಹೆಸ್ರು... ಕುಟುಂಬ ಬೇರೆ."

ಬಣ್ಣ ಸರಿಯಾಗಿ ಕೂಡಿಬಂತೋ ಎಂದು ನೋಡುವವರ ಹಾಗೆ ನನ್ನ ಮುಖ ನೋಡಿದರು. ಹೌದು ಎಂದೆ. ತಪ್ಪಾಯಿತು ಎನ್ನಬೇಕಿತ್ತು, ಅದು ಬಾಯಿಗೆ ಬರಲಿಲ್ಲ. ಅದಾದ ನಾಲ್ಕನೇ ದಿನಕ್ಕೆ ತೀರಿಕೊಂಡರು.

ಹನ್ನೊಂದನೇ ದಿನ ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡರು. "ನೀವ್ ಹೇಳ್ದಂಗೇ ಪಥ್ಯ ಮಾಡುದ್ರು ಕಣವ್ವ, ಒಂದಿನಾನೂ ತಪ್ಪುಸ್ಲಿಲ್ಲ. ಅವ್ರ ಹಣೇಬರ. ನಿಮ್ಗೆ ಪುಣ್ಯ ಬರ್ಲಿ," ಎಂದರು. ಆ ಪುಣ್ಯವನ್ನು ಬೇಡ ಎನ್ನುವ ಧೈರ್ಯ ನನಗೆ ಇರಲಿಲ್ಲ. ಊಟ ಮಾಡಿ ಬಂದೆ. ಡಾಕ್ಟರು ಹೇಳಿದ್ದು ಆಕೆಯ ತಲೆಗೆ ಹತ್ತಿರಲಿಲ್ಲವೋ, ಹತ್ತಿದರೂ ಬೇಡವೆನಿಸಿತೋ, ಯಾರು ಕೇಳಿದರೂ ಕಾಮಾಲೆ ಆಗಿ ಹೋದರು ಎಂದೇ ಹೇಳುತ್ತಿದ್ದರು. ನಾನೂ ಹಾಗೆಯೇ ಹೇಳುತ್ತಾ ಬಂದೆ. ನನಗೆ ಅದೇ ಅನುಕೂಲವಾಗಿತ್ತು. ಮರುವರ್ಷ ಆಕೆ ಮನೆ ಖಾಲಿ ಮಾಡಿ ತಮ್ಮನ ಊರಿಗೆ ಹೋದರು. ನಾನು ಚಾರ್ಟನ್ನು ಸುತ್ತಿ ಬೀರುವಿನ ಹಿಂದೆ ಇಟ್ಟೆ.

ಕಳೆದ ವಾರ ಅದನ್ನು ಲ್ಯಾಬಿನ ಗೋಡೆಗೆ ಹಾಕಿದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಗ್ಗಿ ಅಡಿಯ ಸಾಲನ್ನು ಗಟ್ಟಿಯಾಗಿ ಓದಿ ಕಿಸಕ್ಕೆಂದು ನಕ್ಕಳು.

"ಯಾರು ಮಿಸ್ ಇದನ್ನ ಬರ್ದಿದ್ದು?"

"ನಮ್ಮ ಬೀದಿಯವರು. ಪೇಂಟರ್ ಅಣ್ಣ ಅಂತಿದ್ದೆ."

"ಈಗ ಎಲ್ಲಿದಾರೆ?"

"ಹೋಗ್ಬಿಟ್ರು ಕಣೇ. ತುಂಬ ವರ್ಷ ಆಯ್ತು."

"ಏನಾಗಿತ್ತು ಮಿಸ್?"

ಹನ್ನೆರಡು ವರ್ಷದ ಅಭ್ಯಾಸ. 'ಕಾ' ಎನ್ನುವಷ್ಟು ಬಾಯಿ ತೆರೆದಿತ್ತು. ಗೋಡೆಯ ಮೇಲೆ ಆ ಓರೆ ಅಕ್ಷರಗಳು ಕಾಣುತ್ತಿದ್ದವು.

"ಕ್ಯಾನ್ಸರ್," ಎಂದೆ. "ನನ್ನನ್ನ ಕೇಳಿದ್ರು. ನಾನು ಕಾಮಾಲೆ ಅಂದ್ಬಿಟ್ಟೆ."