ಸತ್ತ ಇಲಿ ತಿನ್ನದ ಮೇವಿಸ್

ಮೆಕೈ ಊರಿನ ಹಾವು ಸಾಕುವವರ ಸಂಘದಲ್ಲಿ ಹತ್ತೊಂಬತ್ತು ವರ್ಷ ಡಲ್ಸಿ ರೋಪರಳ ಮಾತೇ ಕೊನೆಯ ಮಾತಾಗಿತ್ತು. ಯಾರ ಹಾವು ಪೊರೆ ಬಿಡಲು ಒದ್ದಾಡಿದರೂ, ಯಾರ ಹಾವಿನ ಬಾಯಿ ಹುಣ್ಣಾದರೂ ಫೋನು ಹೋಗುತ್ತಿದ್ದುದು ಅವಳಿಗೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ನಾನೂ ಅವಳೂ ಎದುರುಬದುರು ನಿಂತು ಚಾದರ ಮಡಚುತ್ತಿದ್ದೆವು. ಮಡಚುವ ಮಧ್ಯೆಯೇ ಅವಳು ಫೋನಿನಲ್ಲಿ ಊರಿನವರ ಹಾವುಗಳಿಗೆಲ್ಲ ಮದ್ದು ಹೇಳುತ್ತಿದ್ದಳು. ಸಂಘದ ಸಭೆಗಳಿಗೆ ನಾನೂ ಅವಳ ಜೊತೆ ಹೋಗಿ ಹಿಂದೆ ಕೂರುತ್ತಿದ್ದೆ.

ಅವಳ ಹಾವಿನ ಹೆಸರು ಮೇವಿಸ್. ಗಂಡ ತೀರಿಕೊಂಡ ವರ್ಷ ಮೊಳದುದ್ದದ ಮರಿಯಾಗಿ ಮನೆಗೆ ಬಂದ ಕಾರ್ಪೆಟ್ ಹೆಬ್ಬಾವು ಈಗ ಅವಳಿಗಿಂತ ಉದ್ದವಾಗಿತ್ತು. ಅದಕ್ಕಾಗಿ ಕಂಬಗಳ ಮೇಲೆ ನಿಂತ ಮನೆಯ ಕೆಳಗೆ ಇಲಿ ಸಾಕಿ, ಎರಡು ವಾರಕ್ಕೊಂದನ್ನು ಜೀವಂತವಾಗಿ ಗಾಜಿನ ಪೆಟ್ಟಿಗೆಯೊಳಗೆ ಬಿಡುತ್ತಿದ್ದಳು.

ಹೀಗಿರುವಾಗ ಕೊರಿನ್ ವೆಲ್ಲಾ ಸಂಘಕ್ಕೆ ಸೇರಿದಳು. ಮಾಲ್ಟಾದಿಂದ ಬಂದು ಇಲ್ಲಿ ಕಬ್ಬು ಬೆಳೆಯುವವರ ಮನೆಯ ಹುಡುಗಿ, ಮೂವತ್ತರ ಆಸುಪಾಸು, ನಗುಮುಖ. ಅವಳ ಬಳಿ ಎಂಟು ಹಾವು. ಎಂಟಕ್ಕೂ ಫ್ರೀಜರಿನಲ್ಲಿಟ್ಟ ಸತ್ತ ಇಲಿಯೇ ಊಟ.

“ಜೀವ ಇರೋ ಇಲೀನ ನಾನು ಬಿಡೋದೇ ಇಲ್ಲಪ್ಪ. ಹಾವಿಗೆ ಹಸಿವಿಲ್ಲ ಅಂದ್ರೆ ಇಲೀನೇ ಹಾವನ್ನ ಕಚ್ಚಿ ತಿನ್ನತ್ತೆ,” ಎಂದಳು ಮೊದಲ ಸಭೆಯಲ್ಲೇ. ಎಲ್ಲರೂ ಅವಳ ಸುತ್ತ ಕುರ್ಚಿ ಎಳೆದುಕೊಂಡರು. ಡಲ್ಸಿಯ ಪಕ್ಕದ ಕುರ್ಚಿಗಳು ಖಾಲಿಯಾದವು.

ಮರುದಿನ ಲಾಂಡ್ರಿಯಲ್ಲಿ ಡಲ್ಸಿ ಚಾದರವನ್ನು ಎಷ್ಟು ಜೋರಾಗಿ ಕೊಡವಿದಳೆಂದರೆ ನನ್ನ ಕೈಯಿಂದ ತುದಿ ಕಿತ್ತು ಹೋಯಿತು.

“ಹಲ್ಲು ಕಿರಿದ್ರೆ ಸಾಕು, ಎಲ್ಲಾ ಗೊತ್ತಿದೆ ಅಂದ್ಕೋತಾರೆ ಜನ! ಕ್ಲೆಮ್‌ನ ನೋಡಿದ್ಯಾ? ಸಂಘದ ಅಧ್ಯಕ್ಷ ಅಂತೆ! ಅವಳ ಮುಂದೆ ಬಾಲ ಅಲ್ಲಾಡಿಸ್ತಾ ಕೂತಿದ್ದ.”

ಎರಡು ತಿಂಗಳು ಅವಳ ಫೋನು ಹೆಚ್ಚು ಬಡಿದುಕೊಳ್ಳಲಿಲ್ಲ. ಅಷ್ಟರಲ್ಲಿ ಆಗಬಾರದ್ದೇ ಆಯಿತು. ಪೆಟ್ಟಿಗೆಗೆ ಬಿಟ್ಟ ಇಲಿ ಮೇವಿಸ್‌ನ ಬೆನ್ನನ್ನು ಕಡಿದು ಹಾಕಿತು. ಡಲ್ಸಿ ಗಾಯಕ್ಕೆ ಹಳದಿ ಮದ್ದು ಹಚ್ಚಿದಳು, ನನ್ನ ಬಿಟ್ಟು ಯಾರಿಗೂ ಹೇಳಲಿಲ್ಲ. ಮುಂದಿನ ಸಭೆಯಲ್ಲಿ ಕ್ಲೆಮ್, “ನೀನೂ ಕೊರಿನ್ ಹತ್ರ ಕಲ್ತ್ಕೋ ಡಲ್ಸಿ,” ಅಂದಾಗ ಅವಳ ಬಾಯಿಂದ ಸುಳ್ಳು ಹಾರಿಯೇ ಬಿಟ್ಟಿತು.

“ಕಲಿಯೋದೇನಿದೆ? ಮೇವಿಸ್ ಸತ್ತ ಇಲಿ ತಿನ್ನೋಕೆ ಶುರು ಮಾಡಿ ತಿಂಗಳಾಯ್ತು.”

ಕೊರಿನ್ ಚಪ್ಪಾಳೆ ತಟ್ಟಿದಳು. “ಅಯ್ಯೋ, ಅಷ್ಟು ವಯಸ್ಸಾದ ಹಾವು ಬದಲಾಗೋದು ಸುಲಭ ಅಲ್ಲ! ನಮ್ಮ ಸಂಘದ ಹಾವಿನ ಪ್ರದರ್ಶನದ ದಿನ ಎಲ್ರಿಗೂ ತೋರಿಸ್ತೀರಾ ಡಲ್ಸಿ, ದಯವಿಟ್ಟು?”

ಪ್ರದರ್ಶನಕ್ಕೆ ಐದೇ ವಾರ ಉಳಿದಿತ್ತು. ಮೇವಿಸ್ ಸತ್ತ ಇಲಿಯನ್ನು ನಾಲಿಗೆ ಚಾಚಿ ಮೂಸುತ್ತಿತ್ತು, ಮುಖ ತಿರುಗಿಸುತ್ತಿತ್ತು.

“ಕೊರಿನ್‌ನನ್ನೇ ಕೇಳಿಬಿಡು,” ಎಂದೆ.

“ಅವಳನ್ನಾ? ಮುಚ್ಕೊಂಡು ಚಾದರ ಮಡಚು,” ಎಂದಳು. ನಾಲ್ಕು ಚಾದರ ಮಡಚಿದ ಮೇಲೆ, “ನೀನು ಕೇಳು. ನಿನ್ನ ಅಕ್ಕನ ಮನೆ ಹಾವು ಅನ್ನು.”

ನಾನು ಫೋನು ಮಾಡಿದೆ. ಕೊರಿನ್ ಬೇಸರವಿಲ್ಲದೆ ಎಲ್ಲ ಹೇಳಿದಳು. ಇಲಿಯನ್ನು ಫ್ರಿಜ್ಜಿನಲ್ಲೇ ಕರಗಲು ಬಿಡಬೇಕು, ಆಮೇಲೆ ಚೀಲದಲ್ಲಿ ಹಾಕಿ ಬಿಸಿನೀರಿಗಿಡಬೇಕು. ಹೇರ್ ಡ್ರೈಯರಿನಿಂದ ಅದರ ಮೂತಿ ಬೆಚ್ಚಗೆ ಮಾಡಿ, ಉದ್ದ ಇಕ್ಕಳದಲ್ಲಿ ಹಿಡಿದು ಜೀವ ಇರುವಂತೆ ಮೆಲ್ಲಗೆ ಆಡಿಸಬೇಕು. ಕೊನೆಗೆ, “ಹಾವಿನ ಬೆನ್ನಿನ ಗಾಯ ಮೊದ್ಲು ವಾಸಿ ಆಗ್ಲಿ ಅಂತ ಹೇಳಿ,” ಅಂದಳು. ಗಾಯದ ಮಾತನ್ನು ನಾನು ಎತ್ತಿರಲೇ ಇಲ್ಲ.

ಪ್ರದರ್ಶನದ ಭಾನುವಾರ ಸಭಾಂಗಣ ತುಂಬಿತ್ತು. ಡಲ್ಸಿ ಇಕ್ಕಳ ಆಡಿಸಿದಳು. ಮೇವಿಸ್ ಮಿಸುಕಲಿಲ್ಲ. ಮತ್ತೆ ಬೆಚ್ಚಗೆ ಮಾಡಿ ಆಡಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಡಲ್ಸಿಯ ಕುತ್ತಿಗೆ ಕೆಂಪೇರಿತು.

ಆಗ ಕೊರಿನ್ ಎದ್ದಳು. “ಇಷ್ಟು ಜನ ಗಾಜಿಗೆ ಮೂಗು ಒತ್ಕೊಂಡು ನಿಂತ್ರೆ ನಿಮಗೇ ಊಟ ಇಳಿಯತ್ತಾ? ಹೊರಗೆ ಚಹಾ ಇದೆ, ನಡೀರಿ ಎಲ್ಲಾ,” ಎಂದು ಪೆಟ್ಟಿಗೆಯ ಮೇಲೆ ಟವೆಲ್ ಹೊದಿಸಿದಳು.

ಕಾರಿನಲ್ಲಿ ಡಲ್ಸಿ ಅತ್ತಳು. “ಅವಳೂ ನಕ್ಕಿದ್ರೆ ತಡ್ಕೋತಿದ್ದೆ ಕಣೇ. ಕಾಪಾಡಿದ್ಳಲ್ಲ, ಅದಕ್ಕೇನು ಮಾಡ್ಲಿ?”

ಮೂರು ವಾರದ ನಂತರ ಒಂದು ಶನಿವಾರ ಬೆಳಿಗ್ಗೆ, ಪರದೆ ಎಳೆದ ಕೋಣೆಯಲ್ಲಿ, ಮೇವಿಸ್ ಇಕ್ಕಳದ ತುದಿಯ ಇಲಿಯ ಮೇಲೆ ಎರಗಿ, ಸುತ್ತಿಕೊಂಡು ನುಂಗಿತು. ಡಲ್ಸಿ ನನಗೆ ಫೋನು ಮಾಡಿ ಕಿರುಚಿದಳು. ಆಮೇಲೆ, ನಾನು ಹೇಳದೆಯೇ, ಕೊರಿನ್‌ಗೂ ಮಾಡಿ ಸುಳ್ಳನ್ನು ಒಪ್ಪಿಕೊಂಡಳು.

“ಏನಂದ್ಳು?” ಎಂದು ಸೋಮವಾರ ಕೇಳಿದೆ.

“ನೀನು ಫೋನ್ ಮಾಡಿದಾಗ್ಲೇ ಗೊತ್ತಾಯ್ತಂತೆ. ಇಲಿ ಕಡಿತಕ್ಕೆ ಹಚ್ಚೋ ಮದ್ದಿನ ಹಳದಿ ಕಲೇನ ಆ ಸಭೇಲೇ ನನ್ನ ಕೈಮೇಲೆ ನೋಡಿದ್ಳಂತೆ.” ಡಲ್ಸಿ ಹಲ್ಲು ಕಚ್ಚಿದಳು. “ಕಣ್ಣೂ ಚುರುಕು ಅವಳಿಗೆ, ಹಾಳಾದೋಳು.”

ಮನೆಯ ಕೆಳಗಿನ ಇಲಿಗೂಡುಗಳನ್ನು ಅವಳು ಆ ವಾರವೇ ತೆಗೆಸಿದಳು. ಮೇವಿಸ್ ಮೈತುಂಬಿಕೊಂಡಿದೆ. ಆದರೆ ಇವತ್ತಿಗೂ ಸಂಘದಲ್ಲಿ ಕೊರಿನ್ ಮಾತಾಡಲು ಎದ್ದರೆ ಸಾಕು, ಡಲ್ಸಿ ತಲೆ ತಗ್ಗಿಸಿ ಕೈಚೀಲದಲ್ಲಿ ಏನನ್ನೋ ಹುಡುಕಲು ಶುರುಮಾಡುತ್ತಾಳೆ.